ಇಬ್ಬರು ಓಗೊಟ್ಟ ಹೆಸರು

ಫೆಬ್ರವರಿ 3

ಅಮ್ಮಾ,

ಮೂರು ವಾರದಿಂದ ಕಾಗದವಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದು ಮುಗಿದಿದ್ದರೆ ಮುಂದೆ ಓದು. ನನಗೆ ಇವತ್ತಿಗೆ ಐದು ತಿಂಗಳು ತುಂಬಿತು. ಹೋದ ಸಲ ನಾಲ್ಕರಲ್ಲೇ ಎಲ್ಲ ಮುಗಿದುಹೋಗಿತ್ತಲ್ಲ, ಅದಕ್ಕೆ ಈ ಸಲ ಆ ಗಡಿ ದಾಟುವವರೆಗೆ ಬಾಯಿ ಬಿಡಬಾರದು ಎಂದುಕೊಂಡಿದ್ದೆ. ದಾಟಿದ ಮೇಲೂ ಧೈರ್ಯ ಸಾಲದೆ ಒಂದು ತಿಂಗಳು ಸುಮ್ಮನಿದ್ದೆ. ಹೆಣ್ಣು ಎಂದು ಡಾಕ್ಟರು ಹೇಳಿದ್ದಾರೆ. ಚೆನ್ನಾಗಿ ಒದೆಯುತ್ತಾಳೆ. ಕಟ್ಟುಹಲ್ಲಿನ ಲ್ಯಾಬಿನಲ್ಲಿ ನಾನು ಮೇಣದ ಮೇಲೆ ಹಲ್ಲು ಕೂರಿಸುವ ಹೊತ್ತಿಗೇ ಅವಳಿಗೆ ಎಚ್ಚರ. ಮೊನ್ನೆ ಒಂದು ಒದೆತಕ್ಕೆ ಯಾರೋ ಮುದುಕರ ಮುಂದಿನ ಹಲ್ಲು ಸೊಟ್ಟಗಾಯಿತು. ಮತ್ತೆ ಮೇಣ ಕಾಯಿಸಿ ಸರಿಮಾಡಿದೆ.

ಈಗ ಮನೆಯಲ್ಲಿ ಹೆಸರಿನ ಗಲಾಟೆ. ಇಲ್ಲಿ ಮಗು ಹುಟ್ಟಿದ ವಾರದೊಳಗೆ ಹೆಸರು ಬರೆಸಬೇಕಂತೆ. ನಮ್ಮ ಕಡೆಯ ಹೆಸರುಗಳಲ್ಲಿ ಅರ್ಧಕ್ಕೆ ಳ, ಇನ್ನರ್ಧಕ್ಕೆ ಣ. ಅತ್ತೆಯ ನಾಲಿಗೆ ಅಲ್ಲಿಗೆ ಮಡಚುವುದೇ ಇಲ್ಲ. ಪಾಪ, ಪ್ರಯತ್ನ ಮಾಡುತ್ತಾರೆ, ಬಿಸಿ ತುತ್ತು ಬಾಯಿಗೆ ಹಾಕಿಕೊಂಡವರ ಹಾಗೆ ಕಾಣುತ್ತಾರೆ. ನನಗೆ ಚಿಕ್ಕಂದಿನಿಂದ ಇಷ್ಟವಾಗಿದ್ದ ಒಂದು ಹೆಸರು ಹೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರ ಭಾಷೆಯಲ್ಲಿ ಅದು ಪಾತ್ರೆಯ ತಳ ಸೀದುಹೋದದ್ದಕ್ಕೆ ಹೇಳುವ ಮಾತಂತೆ. ಅವರು ತಮ್ಮ ತಾಯಿಯ ಹೆಸರು ಹೇಳಿದರು. ಅದು ನಮ್ಮಲ್ಲಿ ಬೆಕ್ಕನ್ನು ಓಡಿಸುವ ಶಬ್ದ. ನಾನು ನಗಲಿಲ್ಲ. ತುಟಿ ಕಚ್ಚಿಕೊಂಡು ಒಳಗೆ ಹೋದೆ.

ಇವರು ಮಾತ್ರ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಹೆಸರುಗಳ ಪಟ್ಟಿ ಅಂಟಿಸಿದ್ದೇನೆ. ಅದರ ಮುಂದೆ ಒಂದು ಗಳಿಗೆ ನಿಂತು, ಹಾಲು ತೆಗೆದುಕೊಂಡು ಹೋಗಿಬಿಡುತ್ತಾರೆ. ಗಂಡಸರಿಗೆ ಇದೆಲ್ಲ ಆಮೇಲೆ ಬರುತ್ತದೆ ಎಂದು ಲ್ಯಾಬಿನ ಹೆಂಗಸರು ಹೇಳುತ್ತಾರೆ.

ನೀನು ನನ್ನ ಹೆಸರು ಹೇಗೆ ಆರಿಸಿದೆ? ಇಷ್ಟು ವರ್ಷ ಕೇಳಬೇಕು ಎಂದು ತೋಚಿಯೇ ಇರಲಿಲ್ಲ.

ನಿನ್ನ ಮಗಳು

---

ಫೆಬ್ರವರಿ 20

ಪ್ರೀತಿಯ ಮಗಳಿಗೆ,

ನಿನ್ನ ಕಾಗದ ಓದಿ, ಮತ್ತೊಮ್ಮೆ ಓದಿ, ಕೆಳಗಿನ ಮನೆಯ ದರ್ಜಿಯ ಹೆಂಡತಿಗೆ ಗುಟ್ಟಾಗಿ ಹೇಳಿ ಬಂದೆ. ಕಿವುಡಿಯ ಗುಟ್ಟು ಎಂದರೆ ಗೊತ್ತಲ್ಲ, ಈಗ ಇಡೀ ಕಟ್ಟಡಕ್ಕೆ ಗೊತ್ತು. ಎದುರು ಮನೆಯವರು ಎರಡು ಸ್ವೆಟರಿಗೆ ಆಗುವಷ್ಟು ಉಣ್ಣೆ ತಂದು ಕೊಟ್ಟಿದ್ದಾರೆ. ನೀನು ಕತ್ತರಿ, ಬಿಸಿ ಚಾಕು ಹಿಡಿದು ಹೆಚ್ಚು ಹೊತ್ತು ನಿಲ್ಲಬೇಡ. ಹಲ್ಲಿಲ್ಲದವರು ಇನ್ನೆರಡು ದಿನ ಗಂಜಿ ಕುಡಿದರೆ ಏನೂ ಆಗುವುದಿಲ್ಲ.

ಹೆಸರಿನ ವಿಷಯದಲ್ಲಿ ನನ್ನದೂ ಒಂದು ಅರ್ಜಿ ಸೇರಿಸಿಕೋ. ಮೂವತ್ತು ವರ್ಷ ಮಗ್ಗಗಳ ನಡುವೆ ನಿಂತು ನನ್ನ ಕಿವಿಯನ್ನು ಮಿಲ್ಲಿಗೆ ಕೊಟ್ಟಾಯಿತು. ನನಗೆ ಹೆಸರು ಕೇಳಿಸಬೇಕಾಗಿಲ್ಲ, ಕಾಣಿಸಬೇಕು. ಪ, ಬ, ಮ ಇವು ತುಟಿಯ ಮೇಲೆ ಚೆನ್ನಾಗಿ ಕಾಣುತ್ತವೆ. ವ ಕೂಡ ಪರವಾಗಿಲ್ಲ. ಕ, ಗ, ಹ ಎಲ್ಲ ಗಂಟಲಲ್ಲೇ ಉಳಿದುಬಿಡುತ್ತವೆ. ನಾವು ಶೆಡ್ಡಿನಲ್ಲಿ ಹಾಗೇ ಮಾತಾಡುತ್ತಿದ್ದದ್ದು. ಆ ಸದ್ದಿನಲ್ಲಿ ಕಿರುಚಿದರೂ ಪ್ರಯೋಜನವಿಲ್ಲ, ಒಬ್ಬರ ಬಾಯಿ ಇನ್ನೊಬ್ಬರು ನೋಡಬೇಕು. ಗಂಡಂದಿರ ಮೇಲಿನ ದೂರು, ಮೇಸ್ತ್ರಿಯ ಮೇಲಿನ ಬೈಗುಳ, ಎಲ್ಲ ಅವರ ಎದುರಿಗೇ ಸಾಗುತ್ತಿತ್ತು. ಮೇಸ್ತ್ರಿಗೆ ನಾವು ಏನೋ ಅಗಿಯುತ್ತಿದ್ದೇವೆ ಎಂದು ಕಾಣುತ್ತಿತ್ತು.

ನಿನ್ನ ಅತ್ತೆಯ ನಾಲಿಗೆ, ನಿನ್ನ ಕಿವಿ, ನನ್ನ ಕಣ್ಣು, ಮೂರಕ್ಕೂ ಒಪ್ಪುವ ಹೆಸರು ಸಿಕ್ಕರೆ ಇಟ್ಟುಬಿಡು.

ನಿನ್ನ ಹೆಸರು ಹೇಗೆ ಆರಿಸಿದೆ ಎಂದು ಕೇಳಿದ್ದೀಯ. ಅದರಲ್ಲೇನು ಮಹಾ ಇದೆ, ಹೊಳೆಯಿತು, ಇಟ್ಟೆ. ಇಲ್ಲಿ ಮೆಟ್ಟಿಲ ಬಳಿಯ ನಲ್ಲಿ ಸೋರುತ್ತಿದೆ, ಮಾಲೀಕರು ಬಂದು ನೋಡಿ ಹೋದರು, ಇನ್ನೂ ಸೋರುತ್ತಿದೆ.

ನಿನ್ನ ಅಮ್ಮ

---

ಮಾರ್ಚ್ 14

ಅಮ್ಮಾ,

ಹೆಸರು ಸಿಕ್ಕಿತು. ಸಿಕ್ಕಿದ್ದು ಯಾರಿಂದ ಗೊತ್ತೇ? ಇವರಿಂದ. ಭಾನುವಾರ ಶೂಗಳಿಗೆ ಪಾಲಿಶ್ ಹಾಕುತ್ತಾ ಕೂತಿದ್ದವರು ತಲೆ ಎತ್ತದೆಯೇ, “ಇದು ಹೇಗಿರುತ್ತೆ ನೋಡು” ಎಂದು ಒಂದು ಹೆಸರು ಹೇಳಿದರು. ನಾನು ಎರಡು ಸಲ ಹೇಳಿ ನೋಡಿದೆ. ನಮ್ಮಲ್ಲಿ ಅದಕ್ಕೆ ಒಳ್ಳೆಯ ಅರ್ಥವಿದೆ. ಅವರಲ್ಲಿ ಅದು ಹಳೆಯ ಕಾಲದಿಂದ ಇರುವ ಹೆಸರು. ಎರಡೂ ಕಡೆ ಒಂದೇ ಉಚ್ಚಾರ. ನಾಲಿಗೆ ಎಲ್ಲೂ ಮಡಚಬೇಕಾಗಿಲ್ಲ. ನಿನಗೂ ತುಟಿಯ ಮೇಲೆ ಎರಡು ಸಲ ಕಾಣುತ್ತದೆ. ಇಷ್ಟು ದಿನ ನಾನು ಊರೆಲ್ಲ ಹುಡುಕುತ್ತಿದ್ದದ್ದು ಇವರ ಬಾಯಲ್ಲೇ ಇತ್ತು. ಬೇಗ ಹೇಳಬಾರದಿತ್ತೇ ಎಂದು ಕೇಳಿದೆ. ಶೂಗಳನ್ನು ಎತ್ತಿಕೊಂಡು ಎದ್ದು ಹೋದರು.

ಹೆಸರನ್ನು ಈ ಕಾಗದದಲ್ಲಿ ಬರೆಯುತ್ತಿಲ್ಲ. ಹೋದ ಸಲ ಬರೆದಿಟ್ಟು ಆದದ್ದು ನಿನಗೆ ಗೊತ್ತು. ಬೇರೆ ಚೀಟಿಯಲ್ಲಿದೆ, ನೋಡಿ ಹರಿದುಹಾಕು. ಮಗು ಕೈಗೆ ಬರುವವರೆಗೆ ನೀನೂ ಎಲ್ಲೂ ಬರೆಯಬೇಡ. ಮೂಢನಂಬಿಕೆ ಎನ್ನು, ಏನಾದರೂ ಎನ್ನು.

ಅತ್ತೆಗೆ ಇನ್ನೂ ಹೇಳಿಲ್ಲ. “ಹುಟ್ಟಿದ ಮೇಲೆ ಹೇಳೋಣ, ಸುಮ್ಮನೆ ಚರ್ಚೆ ಬೇಡ” ಎಂದರು ಇವರು. ಅತ್ತೆ ಎರಡು ಬೀದಿಯಾಚೆ ಇರುತ್ತಾರೆ, ಭಾನುವಾರ ತಪ್ಪದೆ ಬರುತ್ತಾರೆ, ಬಂದಾಗಲೆಲ್ಲ ಫ್ರಿಜ್ಜಿನ ಪಟ್ಟಿಗೆ ಇನ್ನೊಂದು ಸೇರಿಸಿ ಹೋಗುತ್ತಾರೆ. ಅವರನ್ನು ನೋಡಿದರೆ ನನಗೆ ಕಳ್ಳತನ ಮಾಡಿದ ಹಾಗೆ ಅನಿಸುತ್ತದೆ.

ನಿನ್ನ ಮಗಳು

---

ಏಪ್ರಿಲ್ 2

ಪ್ರೀತಿಯ ಮಗಳಿಗೆ,

ಚೀಟಿ ನೋಡಿದೆ. ನೀನು ಹೇಳಿದ ಹಾಗೆ ಹರಿದೆ. ಹರಿಯುವ ಮುಂಚೆ ಗೋಡೆಯ ಕನ್ನಡಿಯ ಎದುರು ನಿಂತು ಹತ್ತು ಸಲ ಹೇಳಿಕೊಂಡೆ. ಒಳ್ಳೆಯ ಹೆಸರು. ತುಟಿ ಮುಚ್ಚಿ, ತೆರೆದು, ಮತ್ತೆ ಮುಚ್ಚುತ್ತದೆ. ಬೀದಿಯ ಆಚೆ ನಿಂತು ಹೇಳಿದರೂ ನನಗೆ ಗೊತ್ತಾಗುತ್ತದೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಎರಡು ತಿಂಗಳು ತುಟಿ ಪಿಟಿಕ್ಕೆನ್ನದ ಮನುಷ್ಯ ಇದ್ದಕ್ಕಿದ್ದ ಹಾಗೆ ಇಷ್ಟು ಅಚ್ಚುಕಟ್ಟಾದ ಹೆಸರು ತಂದದ್ದು ಎಲ್ಲಿಂದ? ಮೂಲ ಕೇಳಿದೆಯಾ? ಸುಮ್ಮನೆ ಕೇಳಿದೆ ಅಷ್ಟೆ. ಮುದುಕಿಗೆ ಕೆಲಸವಿಲ್ಲ.

ಒಂದು ಸ್ವೆಟರು ಮುಗಿಯಿತು, ತೋಳು ಸ್ವಲ್ಪ ಉದ್ದವಾಯಿತು. ಮಡಚಿ ಹಾಕು. ಕಾಲು ಊದಿದ್ದರೆ ದಿಂಬಿನ ಮೇಲಿಟ್ಟು ಮಲಗು.

ನಿನ್ನ ಅಮ್ಮ

---

ಏಪ್ರಿಲ್ 28

ಅಮ್ಮಾ,

ನೀನು ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಹೇಗೆ ಬರೆಯಲಿ ಎಂದು ಎರಡು ದಿನದಿಂದ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ. ನಡೆದ ಹಾಗೇ ಬರೆಯುತ್ತೇನೆ.

ಭಾನುವಾರ ಅತ್ತೆ ಬಂದಿದ್ದರು. ನಾನು ಪುಟ್ಟ ಪುಟ್ಟ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದೆ, ಅವರು ಮಡಚಿಡುತ್ತಿದ್ದರು. ಇವರು ಬೆಳಿಗ್ಗೆಯೇ ವ್ಯಾನಿಗೆ ಬ್ಯಾಟರಿ ತರಲು ಹೋಗಿದ್ದರು. ಅತ್ತೆ ಅಂದು ಎಷ್ಟು ಪ್ರೀತಿಯಿಂದ ಇದ್ದರು ಎಂದರೆ, ನನಗೆ ತಡೆಯಲಾಗಲಿಲ್ಲ, ಹೆಸರು ಹೇಳಿಬಿಟ್ಟೆ. ಅವರು ಮಡಚುತ್ತಿದ್ದ ಅಂಗಿಯನ್ನು ಹಾಗೇ ಮೇಜಿನ ಮೇಲಿಟ್ಟರು.

“ಯಾರು ಹೇಳಿದ್ದು ಈ ಹೆಸರು?”

“ಇವರೇ.”

“ಅವನು ನಿನಗೆ ಏನೂ ಹೇಳಿಲ್ವಾ?”

ನಾನು ಏನು ಹೇಳಬೇಕಿತ್ತು ಎಂದು ಕೇಳುವಷ್ಟರಲ್ಲಿ ಅವರು ಬಾಗಿಲು ತೆರೆದು ಮೆಟ್ಟಿಲಿಳಿಯುತ್ತಿದ್ದರು. ಕೈಚೀಲ ಕುರ್ಚಿಯ ಮೇಲೇ ಉಳಿದಿತ್ತು. ನನ್ನ ಮುಂದಿದ್ದ ಅಂಗಿಯ ಮೇಲೆ ಇಟ್ಟ ಇಸ್ತ್ರಿಪೆಟ್ಟಿಗೆಯನ್ನು ಮರೆತುಬಿಟ್ಟೆ, ಅಂಗಿಯ ಎದೆಯ ಭಾಗ ಸುಟ್ಟುಹೋಯಿತು.

ಇವರು ಬಂದಾಗ ಕೈಚೀಲ ನೋಡಿದರು, ನನ್ನ ಮುಖ ನೋಡಿದರು. “ಹೇಳಿದೆಯಾ” ಎಂದರು. ಬ್ಯಾಟರಿಯನ್ನು ಕಾಲ ಬಳಿ ಇಟ್ಟುಕೊಂಡು, ಕೋಟು ಕಳಚದೆ, ಬಾಗಿಲಿಗೆ ಒರಗಿ ನಿಂತೇ ಎಲ್ಲ ಹೇಳಿದರು.

ಇವರಿಗೆ ಮೊದಲು ಒಂದು ಮದುವೆ ಆಗಿತ್ತು, ಸರಿಬರಲಿಲ್ಲ ಎನ್ನುವುದು ನಿನಗೂ ಗೊತ್ತು, ನನಗೂ ಅಷ್ಟೇ ಗೊತ್ತಿತ್ತು. ಒಂದು ಮಗು ಇತ್ತಂತೆ ಅಮ್ಮಾ. ಹೆಣ್ಣು. ಮೂರು ವರ್ಷ. ಆಗಲೂ ಇವರದು ಲಿಫ್ಟ್ ರಿಪೇರಿಯದೇ ಕೆಲಸ. ಒಂದು ರಜೆಯ ದಿನ ಯಾವುದೋ ಹಳೆಯ ಕಟ್ಟಡದಲ್ಲಿ ಲಿಫ್ಟ್ ಸಿಕ್ಕಿಹಾಕಿಕೊಂಡಿದೆ ಎಂದು ಫೋನು ಬಂತು. ಆ ಹೆಂಡತಿ ಕೆಲಸಕ್ಕೆ ಹೋಗಿದ್ದರು, ಮನೆಯಲ್ಲಿ ಬೇರೆ ಯಾರೂ ಇಲ್ಲ, ಅದಕ್ಕೆ ಮಗುವನ್ನೂ ಕರೆದುಕೊಂಡು ಹೋದರು. ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಅದನ್ನು ಕೂರಿಸಿ, ಕೈಗೆ ಬಿಸ್ಕೆಟ್ ಕೊಟ್ಟು, ಲಿಫ್ಟಿನ ಬಾಗಿಲು ಬಿಚ್ಚಿ ಒಳಗೆ ನೋಡಿದರು. ಬೇಕಾದ ಸ್ಪ್ಯಾನರ್ ಕೆಳಗೆ ವ್ಯಾನಿನಲ್ಲಿತ್ತು.

“ಬಾಗಿಲು ಎಳೆದು ಬೀಗ ತಿರುಗಿಸದೆ ಹೋಗಬಾರದು ಅಂತ ನನಗೆ ಗೊತ್ತಿಲ್ವಾ? ಹೊಸಬರಿಗೆ ನಾನೇ ಕಲಿಸ್ತಿದ್ದೆ” ಎಂದರು. “ಎರಡು ನಿಮಿಷದ ಕೆಲಸ ಅಂದ್ಕೊಂಡೆ. ಕೆಳಗೆ ಬಂದಮೇಲೆ ಮಗು ಹೆದರಿಕೊಳ್ಳುತ್ತೋ ಏನೋ ಅಂತ ಹೆಸರು ಹಿಡಿದು ಕೂಗಿದೆ. ಅಪ್ಪ ಬಂದೆ ಅಂದೆ. ನನ್ನ ದನಿ ಅವಳಿಗೆ ಮೆಟ್ಟಿಲ ಕಡೆಯಿಂದ ಕೇಳಿಸಲಿಲ್ಲ. ಲಿಫ್ಟ್ ಓಡಾಡೋ ಆ ಬಾವಿಯೊಳಗಿಂದ ಕೇಳಿಸಿತು. ಅವಳು ದನಿ ಬಂದ ಕಡೆಗೇ ಬಂದಳು.”

ಅಮ್ಮಾ, ನಾನು ಅಳಲಿಲ್ಲ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತೆ, ಅದೊಂದು ನೆನಪಿದೆ. ಮತ್ತೆ ಯಾಕೆ ಅದೇ ಹೆಸರು ಎಂದು ಕೇಳಿದೆ.

“ಆ ಹೆಸರು ಕರೆದಾಗ ಒಂದು ಮಗು ನನ್ನ ಹತ್ತಿರ ನಡ್ಕೊಂಡು ಬರಬೇಕು. ಒಂದು ಸಲ ಬಂದರೆ ಸಾಕು.”

ಅಷ್ಟು ಹೇಳಿ ಬ್ಯಾಟರಿ ಎತ್ತಿಕೊಂಡು ಮತ್ತೆ ಹೊರಗೆ ಹೋದರು. ಅವತ್ತಿನಿಂದ ಆ ವಿಷಯ ಎತ್ತಿಲ್ಲ. ಅತ್ತೆಯೂ ಬಂದಿಲ್ಲ, ಕೈಚೀಲ ಇಲ್ಲೇ ಇದೆ.

ನಾನು ಯೋಚಿಸಿ ಯೋಚಿಸಿ ಸಾಕಾಗಿದೆ. ಹೇಳದೆ ಮುಚ್ಚಿಟ್ಟರಲ್ಲ ಎಂದು ಸಿಟ್ಟು ಬರುತ್ತದೆ. ಅವರ ಬೆನ್ನು ನೋಡಿದರೆ ಸಿಟ್ಟು ನಿಲ್ಲುವುದಿಲ್ಲ. ಹೆಸರು ಏನು ತಪ್ಪು ಮಾಡಿದೆ? ಎಷ್ಟೋ ಜನ ಸತ್ತವರ ಹೆಸರನ್ನು ಮಕ್ಕಳಿಗೆ ಇಡುತ್ತಾರೆ. ಅವರಿಗೆ ಸ್ವಲ್ಪ ನೆಮ್ಮದಿ ಸಿಗುವುದಾದರೆ ನಾನು ಯಾಕೆ ತಡೆಯಲಿ ಎಂದೂ ಅನಿಸುತ್ತದೆ. ಹೂಂ ಎಂದುಬಿಡಲೇ? ನಿನ್ನ ಮಾತು ಬೇಕು.

ನಿನ್ನ ಮಗಳು

---

ಮೇ 10

ಪ್ರೀತಿಯ ಮಗಳಿಗೆ,

ಬೇಡ. ಆ ಹೆಸರು ಇಡಬೇಡ.

ಇಷ್ಟನ್ನೇ ಬರೆದು ನಿಲ್ಲಿಸಬಹುದಿತ್ತು. ಕಾರಣ ಕೇಳುತ್ತೀಯ. ಕಾರಣ ನನ್ನ ಹತ್ತಿರ ಮೂವತ್ತು ವರ್ಷದಿಂದ ಇದೆ. ನಿನ್ನ ಅಪ್ಪ ಸಾಯುವಾಗಲೂ “ಅವಳಿಗೆ ಹೇಳು” ಎಂದರು. ಹೇಳುತ್ತೇನೆ ಎಂದೆ, ಹೇಳಲಿಲ್ಲ. ಈ ಸ್ಥಿತಿಯಲ್ಲಿರುವ ನಿನಗೆ ಹೇಳುವುದು ಸರಿಯಲ್ಲ ಎಂದು ಗೊತ್ತು. ಆದರೆ ಈಗ ಹೇಳದಿದ್ದರೆ ಇನ್ನೊಂದು ಮಗುವಿಗೂ ಅದೇ ಆಗುತ್ತದೆ.

ನಿನಗಿಂತ ಮೊದಲು ನನಗೆ ಒಬ್ಬಳು ಮಗಳಿದ್ದಳು. ನಿನ್ನ ಹೆಸರು ಅವಳದು.

ಅವಳಿಗೆ ಎರಡು ವರ್ಷ ಒಂದು ತಿಂಗಳು. ಬೆಳಿಗ್ಗೆ ಮೈ ಬೆಚ್ಚಗಿತ್ತು. ರಜೆ ಕೇಳಿದೆ, ಮೇಸ್ತ್ರಿ ಕೊಡಲಿಲ್ಲ. ಮಿಲ್ಲಿನ ಶಿಶುವಿಹಾರದಲ್ಲಿ ಬಿಟ್ಟು ಮಗ್ಗಕ್ಕೆ ಹೋದೆ. ಹನ್ನೊಂದು ಗಂಟೆಯ ಹೊತ್ತಿಗೆ ಆಯಾ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲು ಅವಳಿಗೆ ಅಪ್ಪಣೆಯಿಲ್ಲ. ಬಾಗಿಲ ಹತ್ತಿರದ ಮಗ್ಗದವಳಿಗೆ ಏನೋ ಹೇಳಿದಳು. ಅವಳು ತಿರುಗಿ ಪಕ್ಕದವಳಿಗೆ ಹೇಳಿದಳು. ನಮ್ಮ ಸಾಲಿನಲ್ಲಿ ಆರು ಮಗ್ಗ, ನನ್ನದು ಕೊನೆಯದು. ಒಬ್ಬೊಬ್ಬರ ಬಾಯಲ್ಲೂ ಅವಳ ಹೆಸರು ದಾಟಿಕೊಂಡು ನನ್ನ ಕಡೆ ಬರುವುದು ನನಗೆ ಕಾಣುತ್ತಿತ್ತು. ಹೆಸರಿನ ಹಿಂದೆ ಇನ್ನೊಂದು ಮಾತು ಇತ್ತು. ಮೂರನೆಯವಳ ತುಟಿಯಲ್ಲೇ ಅದನ್ನು ಓದಿಬಿಟ್ಟೆ. ನನ್ನ ಪಕ್ಕದವಳು ಹೇಳಲಾರದೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎಳೆ ಕಡಿಯಿತು ಎಂದು ಮೇಸ್ತ್ರಿ ಕೂಗುತ್ತಾ ಬಂದ.

ಆಗ ನೀನು ನನ್ನ ಹೊಟ್ಟೆಯಲ್ಲಿ ಮೂರು ತಿಂಗಳು.

ನೀನು ಹುಟ್ಟಿದೆ. ಹೆಣ್ಣು ಎಂದರು. ವಾಪಸು ಬಂದಳು ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ, ಹುಚ್ಚು ಎನ್ನು. ನಿನ್ನ ಅಪ್ಪ ಬೇಡ ಎಂದರು, ಜಗಳವಾಡಿದರು, ಕೊನೆಗೆ ಸೋತು, “ನಾನಂತೂ ಆ ಹೆಸರು ಕರೆಯಲ್ಲ” ಎಂದರು. ಅವರು ಸಾಯುವವರೆಗೂ ನಿನ್ನನ್ನು ಗುಬ್ಬಿ ಎಂದೇ ಕರೆದದ್ದು ಮುದ್ದಿಗಲ್ಲ.

ಇನ್ನೂ ಇದೆ. ಅವಳು ಸತ್ತದ್ದನ್ನು ಕಚೇರಿಯಲ್ಲಿ ಬರೆಸಲಿಲ್ಲ. ನೀನು ಹುಟ್ಟಿದ್ದನ್ನೂ ಬರೆಸಲಿಲ್ಲ. ನಿನ್ನನ್ನು ಶಾಲೆಗೆ ಸೇರಿಸುವಾಗ ಅವಳ ಜನನ ಪತ್ರ ಕೊಟ್ಟೆ. ಏಪ್ರಿಲ್ ಒಂಬತ್ತು ಅವಳು ಹುಟ್ಟಿದ ದಿನ. ನಿನ್ನ ಎಲ್ಲ ಕಾಗದಪತ್ರದಲ್ಲೂ ಇರುವುದು ಅವಳು.

ನಿನ್ನನ್ನು ಕರೆದಾಗಲೆಲ್ಲ ಇಬ್ಬರು ಓಗೊಡುತ್ತಿದ್ದರು. ನೀನು ಓಡಿ ಬರುತ್ತಿದ್ದೆ, ನಿನ್ನ ಹಿಂದೆ ಅವಳು. ನಾನು ನಿನ್ನ ಹಿಂದೆ ನೋಡುತ್ತಿದ್ದೆ. ಅವಳಿಗೆ ಹಾಲಿನ ಕೆನೆ ಎಂದರೆ ಪ್ರಾಣ. ನಿನಗೆ ಅದು ಕಂಡರೆ ವಾಕರಿಕೆ. ಆದರೂ ಏಳು ವರ್ಷ ನಿನ್ನ ಬಾಯಿಗೆ ತುರುಕಿದೆ. ನೀನು ಉಗುಳಿದಾಗ ಹೊಡೆದೆ. ಅದಕ್ಕೇ ಬೇಡ ಎನ್ನುತ್ತಿದ್ದೇನೆ. ನಿನ್ನ ಗಂಡ ಒಳ್ಳೆಯವನೇ ಇರಬಹುದು. ನಾನೂ ಕೆಟ್ಟವಳಾಗಿರಲಿಲ್ಲ.

ನಿನ್ನ ಅಮ್ಮ

---

ಜೂನ್ 12

ಮಗಳೇ,

ತಿಂಗಳಾಯಿತು, ನಿನ್ನಿಂದ ಅಕ್ಷರವಿಲ್ಲ. ದಿನ ತುಂಬಿ ವಾರವೂ ಕಳೆದಿದೆ. ಹೆರಿಗೆ ಆಗಿರಬೇಕು. ದರ್ಜಿಯ ಹೆಂಡತಿಯ ಕೈಯಲ್ಲಿ ನಿನ್ನ ಮನೆಗೆ ಫೋನು ಮಾಡಿಸಿದೆ. ಯಾರೋ ಹೆಂಗಸು ಎತ್ತಿದರಂತೆ, ಅವರ ಭಾಷೆ ಇವಳಿಗೆ ತಿಳಿಯಲಿಲ್ಲ, ಇವಳದು ಅವರಿಗೆ ತಿಳಿಯಲಿಲ್ಲ. ಹಿಂದೆ ಮಗು ಅಳುತ್ತಿತ್ತು ಎಂದಳು. ಗಟ್ಟಿಯಾಗಿ ಅಳುತ್ತಿತ್ತೇ ಎಂದು ಮೂರು ಸಲ ಕೇಳಿದೆ. ಗಟ್ಟಿಯಾಗಿ ಎಂದಳು.

ನನ್ನ ಮೇಲಿನ ಸಿಟ್ಟು ನನ್ನ ಮೇಲಿರಲಿ. ನೀನು ಹೇಗಿದ್ದೀಯ, ಅಷ್ಟು ಮಾತ್ರ ಬರೆ. ಎರಡು ಸಾಲು ಸಾಕು.

ಅಮ್ಮ

---

ಜುಲೈ 3

ಅಮ್ಮಾ,

ಮಗು ಮೇ ಮೂವತ್ತಕ್ಕೆ ಹುಟ್ಟಿತು. ಮೂರು ಕಿಲೋ. ಚೆನ್ನಾಗಿದೆ. ನಾನೂ ಇದ್ದೇನೆ.

ನಿನ್ನ ಕಾಗದ ಬಂದದ್ದು ಅದಕ್ಕೆ ವಾರದ ಮುಂಚೆ. ಓದಿ ಒಲೆಗೆ ಹಾಕಿದೆ. ಹಾಕಿದ ಮೇಲೆ, ಇನ್ನೊಮ್ಮೆ ಓದಬೇಕಿತ್ತು ಎನಿಸಿತು. ಶಾಲೆಯಲ್ಲಿ ಎಲ್ಲರಿಗಿಂತ ಕುಳ್ಳಿ ನಾನು, ಸಾಲಿನಲ್ಲಿ ಯಾವಾಗಲೂ ಮುಂದೆ. ಎಲ್ಲರ ಹಾಲುಹಲ್ಲು ಬಿದ್ದು ಹೊಸದು ಬಂದರೂ ನನ್ನದು ಅಲುಗುತ್ತಲೂ ಇರಲಿಲ್ಲ. ಎಂಟು ವರ್ಷವಾದರೂ ಹಲ್ಲು ಬಿದ್ದಿಲ್ಲ ಎಂದು ಟೀಚರು ನಿನ್ನನ್ನು ಕರೆಸಿದ್ದು ನೆನಪಿದೆಯಾ? ನೀನು, “ನಮ್ಮ ಮನೆಯಲ್ಲಿ ಎಲ್ಲರಿಗೂ ತಡ” ಎಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ದಿನವೂ ಹಲ್ಲಿನ ಅಚ್ಚು ನೋಡುವ ಕೆಲಸ ಮಾಡುತ್ತೇನೆ, ಹಲ್ಲು ನೋಡಿ ವಯಸ್ಸು ಹೇಳುತ್ತೇನೆ. ನನ್ನದೇ ನನಗೆ ಗೊತ್ತಾಗಲಿಲ್ಲ.

ಹೆರಿಗೆಯಾದ ಮೂರನೇ ದಿನ ಹಾಲು ಕಟ್ಟಿ ಜ್ವರ ಬಂತು, ಕಣ್ಣು ಬಿಡಲಾಗುತ್ತಿರಲಿಲ್ಲ. ಅವತ್ತು ಇವರು ಆಸ್ಪತ್ರೆಯ ಕೆಳಗಿನ ಕೋಣೆಗೆ ಹೋಗಿ ಹೆಸರು ಬರೆಸಿ ಬಂದರು. ಅದೇ ಹೆಸರು. ಬೇಡ ಎಂದು ನಾನು ಮೊದಲೇ ಹೇಳಿದ್ದೆ, ನಿನ್ನ ಕಾಗದದಲ್ಲಿ ಇದ್ದದ್ದನ್ನೂ ಹೇಳಿದ್ದೆ. ತಲೆಯಾಡಿಸಿದ್ದರು. ಕೈಗೆ ಆ ಪತ್ರ ಕೊಟ್ಟಾಗ ನಾನು ಓದಿದೆ. “ನೀನು ಮಲಗಿದ್ದೆ” ಎಂದರು. ಅಷ್ಟೆ.

ಅತ್ತೆಗೆ ನಾನೇ ಹೇಳಿಕಳಿಸಿದೆ. ಬಂದರು. ತಿಂಗಳ ಮೇಲಾಗಿತ್ತು ಅವರು ಬಂದು. ಪತ್ರ ನೋಡಿ, ಮಗ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ನೆಟ್ಟಗೆ ಹೋದರು. ಇವರ ಜೊತೆ ಕೆಲಸ ಮಾಡುವವರೇ ನನಗೆ ಆಮೇಲೆ ಹೇಳಿದ್ದು. ಆ ಮಗು ಹೋದ ದಿನದಿಂದ ಲಿಫ್ಟಿನ ಹತ್ತಿರ ಸುಳಿಯದ ಹೆಂಗಸು, ಬಿಚ್ಚಿದ ಬಾಗಿಲ ಪಕ್ಕಕ್ಕೆ ಬಂದು ನಿಂತು, ಎಲ್ಲರ ಎದುರಿಗೆ, “ಇವಳು ನಿನ್ನನ್ನ ಕ್ಷಮಿಸೋಕೆ ಹುಟ್ಟಿಲ್ಲ ಕಣೋ. ಇವಳ ಪಾಡಿಗೆ ಇವಳನ್ನ ಬಿಡು” ಎಂದರಂತೆ. ಇವರು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟರಂತೆ.

ತಂದೆತಾಯಿ ಇಬ್ಬರೂ ಸಹಿ ಹಾಕಿದರೆ ಹದಿನೈದು ದಿನದೊಳಗೆ ಹೆಸರು ಬದಲಿಸಬಹುದಿತ್ತು. ಹದಿನಾಲ್ಕನೇ ದಿನ ಇವರು ಕಚೇರಿಗೆ ಬಂದರು, ಸಹಿ ಹಾಕಿದರು. ಹಾಕಿದವರು ಒಳಗೆ ನಿಲ್ಲಲಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತರು. “ಹೊಸ ಹೆಸರು ಹೇಳಿ” ಎಂದ ಗುಮಾಸ್ತ. ಅಲ್ಲಿಯವರೆಗೆ ನಮಗೆ ಅದು ಹೊಳೆದೇ ಇರಲಿಲ್ಲ. ಫ್ರಿಜ್ಜಿನ ಪಟ್ಟಿ ಮನೆಯಲ್ಲಿತ್ತು. “ಇನ್ನೈದು ನಿಮಿಷಕ್ಕೆ ಕೌಂಟರ್ ಮುಚ್ತೀವಿ” ಎಂದು ಅವನು ಗಡಿಯಾರ ನೋಡಿದ. ನಾನು ಒಂದು ಹೇಳಿದೆ, ಜೊತೆಗೆ ಬಂದಿದ್ದ ಅತ್ತೆ ಒಂದು ಹೇಳಿದರು. ಎರಡನ್ನೂ ಸೇರಿಸಿ ಒಂದು ಮಾಡಿದೆವು.

ಅದು ಅಷ್ಟೇನೂ ಚೆನ್ನಾಗಿಲ್ಲ ಅಮ್ಮಾ. ಅದರ ಮೊದಲ ಅಕ್ಷರ ನನಗೆ ಸರಿಯಾಗಿ ಬರುವುದಿಲ್ಲ, ಕೊನೆಯದು ಅತ್ತೆಗೆ ಬರುವುದಿಲ್ಲ. ನಮ್ಮಲ್ಲೂ ಅರ್ಥವಿಲ್ಲ, ಅವರಲ್ಲೂ ಅರ್ಥವಿಲ್ಲ. ಪೂರ್ತಿ ಗಂಟಲಲ್ಲೇ ಆಗಿಹೋಗುತ್ತದೆ, ನಿನಗೆ ತುಟಿಯ ಮೇಲೆ ಏನೂ ಕಾಣುವುದಿಲ್ಲ. ಆದರೆ ಇದಕ್ಕೆ ಮುಂಚೆ ಅದನ್ನು ಯಾರಿಗೂ ಇಟ್ಟಿಲ್ಲ. ಅದೊಂದು ನಮ್ಮಿಬ್ಬರಿಗೂ ಖಾತ್ರಿ.

ಇವರು ಮನೆಗೆ ಬರುತ್ತಾರೆ, ಹೋಗುತ್ತಾರೆ. ಮಗುವನ್ನು ಎತ್ತಿಕೊಳ್ಳುತ್ತಾರೆ, ಸ್ನಾನ ಮಾಡಿಸಲು ನೀರು ಕಾಯಿಸಿ ಕೊಡುತ್ತಾರೆ. ಹೆಸರು ಹಿಡಿದು ಕರೆಯುವುದಿಲ್ಲ. ಬೇರೆ ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ಎದುರಿಗಿದ್ದಾಗ ಸುಮ್ಮನೆ ಅದರ ಕಾಲು ಮುಟ್ಟುತ್ತಾರೆ. ಅಪ್ಪ ನನ್ನನ್ನು ಗುಬ್ಬಿ ಎಂದಾದರೂ ಕರೆದರು. ಇವರು ಉಳಿಯುತ್ತಾರೋ ಹೋಗುತ್ತಾರೋ ನನಗೆ ಗೊತ್ತಿಲ್ಲ. ಕೇಳುವ ಶಕ್ತಿ ಸದ್ಯಕ್ಕೆ ಇಲ್ಲ.

ನಿನ್ನನ್ನು ಬಾ ಎಂದು ಕರೆಯಲು ನನಗೆ ಈಗ ಆಗುವುದಿಲ್ಲ. ಮಗುವನ್ನು ನಿನ್ನ ಕೈಗೆ ಕೊಟ್ಟು ನಿನ್ನ ಕಣ್ಣು ಎಲ್ಲಿ ನೋಡುತ್ತಿದೆ ಎಂದು ನಾನು ಕಾಯುತ್ತಾ ನಿಲ್ಲಲಾರೆ. ಮುಂದೆ ನೋಡೋಣ.

ಒಂದೇ ಒಂದು ಕೇಳುತ್ತೇನೆ. ಮಗುವಿನ ಜನನ ಪತ್ರದಲ್ಲಿ ತಾಯಿಯ ಹುಟ್ಟಿದ ದಿನಾಂಕ ಎಂದು ಒಂದು ಖಾನೆ ಇದೆ. ಗುಮಾಸ್ತ ನನ್ನ ಹಳೆಯ ಕಾಗದ ನೋಡಿ ಏಪ್ರಿಲ್ ಒಂಬತ್ತು ಎಂದು ತುಂಬಿದ. ನಾನು ನೋಡುತ್ತಾ ನಿಂತಿದ್ದೆ. ನಾನು ಹುಟ್ಟಿದ್ದು ಯಾವತ್ತು?

ಎರಡನೆಯವಳು

---

ಜುಲೈ 16

ಮಗಳೇ,

ನೀನು ಕೇಳಿದ್ದನ್ನು ಮೊದಲು ಬರೆಯುತ್ತೇನೆ.

ನವೆಂಬರ್ ಹನ್ನೊಂದು, ಬುಧವಾರ. ಮಧ್ಯಾಹ್ನ ಎರಡನೇ ಶಿಫ್ಟಿನ ಸೈರನ್ ಆಗಿ ಇಪ್ಪತ್ತು ನಿಮಿಷಕ್ಕೆ. ಮಿಲ್ಲಿನ ಆಸ್ಪತ್ರೆ, ಕಿಟಕಿಯ ಪಕ್ಕದ ಮಂಚ. ಎರಡೂ ಮುಕ್ಕಾಲು ಕಿಲೋ, ಅವಳಿಗಿಂತ ಸ್ವಲ್ಪ ಕಡಿಮೆ. ಇಲ್ಲ, ಇದರಲ್ಲಿ ಅವಳ ಮಾತು ಬೇಡ.

ಆ ದಿನದ ಬಗ್ಗೆ ನಾನು ಯಾರ ಜೊತೆಯೂ ಮಾತಾಡಿಲ್ಲ, ಎಲ್ಲೂ ಬರೆದಿಟ್ಟಿಲ್ಲ. ಮರೆತಿರುತ್ತೇನೆ ಎಂದುಕೊಂಡಿದ್ದೆ. ನಿನ್ನ ಕಾಗದ ಬಂದ ಮೇಲೆ ಕೂತು ನೆನೆಸಿಕೊಂಡೆ, ಎಲ್ಲ ಇದೆ. ಬರೆಯುತ್ತೇನೆ, ನಿನಗೆ ಬೇಕಾದರೆ ಇಟ್ಟುಕೋ.

ಬೆಳಿಗ್ಗೆ ಆರಕ್ಕೇ ನೋವು ಶುರುವಾಯಿತು. ನಿನ್ನ ಅಪ್ಪ ಬಾಯ್ಲರಿನ ಕೆಲಸದಿಂದ ಹಾಗೇ ಬಂದಿದ್ದರು, ಮುಖವೆಲ್ಲ ಮಸಿ. ನರ್ಸು ಒಳಗೆ ಬಿಡಲಿಲ್ಲ. ಹೊರಗಿನ ನಲ್ಲಿಯಲ್ಲಿ ತೊಳೆದುಕೊಂಡು ಬಂದರು, ಕಿವಿಯ ಹಿಂದೆ ಉಳಿದೇ ಇತ್ತು. ನಿನ್ನ ತಲೆ ಬಂದ ಮೇಲೆ ಭುಜ ಸಿಕ್ಕಿಕೊಂಡಿತು. ನರ್ಸು ದಪ್ಪ ಹೆಂಗಸು, ನನಗೆ ಚೆನ್ನಾಗಿ ಬೈದಳು. ಹೊರಗೆ ಬಂದ ತಕ್ಷಣ ನೀನು ಅಳಲಿಲ್ಲ. ಎಲ್ಲರೂ ಗಾಬರಿಯಾದರು. ಆಮೇಲೆ ಎರಡು ಸಲ ಸೀನಿದೆ. ನರ್ಸು ನಕ್ಕು, “ಇದಕ್ಕೆ ಇಲ್ಲಿನ ಧೂಳು ಆಗಲ್ಲ” ಎಂದಳು. ಆಗ ನನಗೆ ಇನ್ನೂ ಸ್ವಲ್ಪ ಕಿವಿ ಕೇಳುತ್ತಿತ್ತು. ನಿನ್ನ ಸೀನು ನಾನು ಕೇಳಿದ್ದೇನೆ.

ತಲೆಯಲ್ಲಿ ಕೂದಲೇ ಇರಲಿಲ್ಲ. ಎಡಗಿವಿಯ ಮೇಲ್ಭಾಗ ಮಡಚಿಕೊಂಡಿತ್ತು, ಮೂರನೇ ದಿನಕ್ಕೆ ಬಿಚ್ಚಿಕೊಂಡಿತು. ಯಾರ ಬೆರಳು ಹಿಡಿದರೂ ಬಿಡುತ್ತಿರಲಿಲ್ಲ. ನಿನ್ನ ಅಪ್ಪ ನಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಅವರು ಏನು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ತುಟಿ ಕಾಣದಿರಲಿ ಎಂದು ಗೋಡೆಯ ಕಡೆ ಮಗ್ಗುಲಾದೆ. ಆದರೂ ಅಷ್ಟು ಹತ್ತಿರದಿಂದ ಕೇಳಿಸಿತು.

“ಇದು ಬೇರೆ ಮಗು ಕಣೇ” ಎಂದರು. “ನೋಡು ಒಂದ್ಸಲ.”

ನಾನು ನೋಡಲಿಲ್ಲ. ಅವರು ನಿನ್ನನ್ನು ಹಿಡಿದುಕೊಂಡು ಮಂಚದ ಪಕ್ಕದಲ್ಲೇ ನಿಂತಿದ್ದರು, ಬಹಳ ಹೊತ್ತು, ಸಂಜೆ ಡ್ಯೂಟಿಯ ನರ್ಸು ಬಂದು ನಿನ್ನನ್ನು ತೆಗೆದುಕೊಳ್ಳುವವರೆಗೆ.

ಬರುವ ನವೆಂಬರ್ ಹನ್ನೊಂದಕ್ಕೆ ನಿನಗೆ ಮೂವತ್ತೊಂದು ತುಂಬುತ್ತದೆ.

ಅಮ್ಮ